ಮುಂದಿನ ಟೈರು ಅಗಲವಾದಷ್ಟೂ ಒಳ್ಳೇದಂತೆ!

ಒಂದು ಮಾತು ಕೇಳಿ ಕೇಳಿ ಕಿವಿ ತೂತು ಬಿದ್ದಿದೆ. "ಮುಂದಿನ ಟೈರು ಅಗಲ ಮಾಡ್ಸು ಗುರು, ಕಾರು ರಸ್ತೆಗೆ ಗೋಂದು ಹಚ್ಚಿದ ಹಾಗೆ ಅಂಟ್ಕೊಳ್ಳುತ್ತೆ." ಆಫೀಸಿನ ಕ್ಯಾಂಟೀನಿನಲ್ಲಿ ಇದೇ ಮಾತು, ಜೆ.ಸಿ. ರಸ್ತೆಯಲ್ಲಿ ಇದೇ ಮಾತು, ಕಾರುಗಳ ಬಗ್ಗೆ ವಿಡಿಯೋ ಮಾಡುವವರ ಬಾಯಲ್ಲೂ ಇದೇ ಮಾತು. ಸ್ಪೋರ್ಟ್ಸ್ ಕಾರಿನ ವಿಷಯ ಬಂತು ಅಂದರಂತೂ ಮುಗೀತು. ಹೊಸ ಮಾಡೆಲ್ಲಿನ ಮುಂದಿನ ಟೈರು ಹಳೆಯದಕ್ಕಿಂತ 20 ಮಿಲಿಮೀಟರ್ ಅಗಲ ಅಂದರೆ ಸಾಕು, ಕಾರೂ ಅಷ್ಟೇ ಸುಧಾರಿಸಿತು ಅಂತ ತೀರ್ಪು!

ನನ್ನ ತಕರಾರು ಇಷ್ಟೇ. ಈ ಮಾತು ಅರ್ಧ ನಿಜ. ಪೂರ್ತಿ ಸುಳ್ಳಾಗಿದ್ದರೆ ಇಷ್ಟು ಹೊತ್ತಿಗೆ ಯಾರಾದರೂ ಹಿಡಿದು ಹಾಕುತ್ತಿದ್ದರು. ಅರ್ಧ ನಿಜ ಆಗಿರೋದರಿಂದಲೇ ಇಷ್ಟು ವರ್ಷ ಬದುಕಿದೆ, ಜನರ ದುಡ್ಡು ತಿನ್ನುತ್ತಿದೆ, ಮಳೆಗಾಲದಲ್ಲಿ ಜೀವಕ್ಕೂ ಸಂಚಕಾರ ತರುತ್ತಿದೆ.

ನಾನು ಮೆಕ್ಯಾನಿಕಲ್ ಓದಿ, ಹೊಟ್ಟೆಪಾಡಿಗೆ ಸಾಫ್ಟ್‌ವೇರ್ ಬರೆಯುವ ಲಕ್ಷಾಂತರ ಜನರಲ್ಲಿ ಒಬ್ಬ. ನನ್ನ ಹತ್ತಿರ ಸ್ಪೋರ್ಟ್ಸ್ ಕಾರಿಲ್ಲ, ಕೊಳ್ಳುವ ಸಂಬಳವೂ ಇಲ್ಲ :-) ಆದರೆ ಲೆಕ್ಕ ಹಾಕೋಕೆ ಕಾರು ಬೇಕಿಲ್ಲವಲ್ಲ, ಪೆನ್ನು ಪೇಪರು ಸಾಕು. ಬನ್ನಿ, ಒಟ್ಟಿಗೇ ಹಾಕೋಣ.

ಒಂದು ಚಿಕ್ಕ ಸ್ಪೋರ್ಟ್ಸ್ ಕಾರು ತಗೊಳ್ಳಿ. ತೂಕ 1000 ಕಿಲೋ, ನಾಲ್ಕೂ ಚಕ್ರಕ್ಕೆ ಸಮನಾಗಿ ಹಂಚಿದೆ ಅಂದುಕೊಳ್ಳಿ. ಒಂದು ಟೈರಿನ ಮೇಲೆ 250 ಕಿಲೋ. ಟೈರಿನೊಳಗೆ ಗಾಳಿಯ ಒತ್ತಡ ಪ್ರತಿ ಚದರ ಸೆಂಟಿಮೀಟರಿಗೆ 2.1 ಕಿಲೋ, ಅಂದರೆ ಪೆಟ್ರೋಲ್ ಬಂಕಿನ ಭಾಷೆಯಲ್ಲಿ ಸುಮಾರು 30 ಪಿಎಸ್ಐ. 250ನ್ನು 2.1ರಿಂದ ಭಾಗಿಸಿ. ಸುಮಾರು 120 ಚದರ ಸೆಂಟಿಮೀಟರ್ ಬರುತ್ತೆ. ರಸ್ತೆಗೆ ತಾಗಿರುವ ರಬ್ಬರು ಅಷ್ಟೇ, ಹೆಚ್ಚುಕಡಿಮೆ ನಿಮ್ಮ ಅಂಗೈಯಷ್ಟು!

ಈಗ ಗಮನಿಸಿ. ಈ ಲೆಕ್ಕದಲ್ಲಿ ಟೈರಿನ ಅಗಲ ಎಲ್ಲಿ ಬಂತು? ಬರಲೇ ಇಲ್ಲ. ರಸ್ತೆಗೆ ತಾಗುವ ಪಟ್ಟಿಯ ಒಟ್ಟು ಜಾಗವನ್ನು ಮುಖ್ಯವಾಗಿ ತೀರ್ಮಾನಿಸೋದು ಭಾರ ಮತ್ತು ಗಾಳಿಯ ಒತ್ತಡ. ಟೈರಿನ ಗೋಡೆಯೂ ಒಂದಿಷ್ಟು ಭಾರ ಹೊರುತ್ತೆ, ಹಾಗಾಗಿ ಲೆಕ್ಕ ಕೂದಲೆಳೆಯಷ್ಟು ಕರಾರುವಾಕ್ಕಲ್ಲ. ಆದರೆ ದಿಕ್ಕು ಸರಿಯಾಗಿದೆ. ಅಗಲದ ಟೈರು ಹಾಕಿದರೆ ಬದಲಾಗೋದು ಪಟ್ಟಿಯ ಆಕಾರ. 15 ಸೆಂಟಿಮೀಟರ್ ಅಗಲ ಇದ್ದಾಗ ಅದರ ಉದ್ದ 8 ಸೆಂಟಿಮೀಟರ್. ಅಗಲವನ್ನು 20ಕ್ಕೆ ಏರಿಸಿದರೆ ಉದ್ದ 6ಕ್ಕೆ ಇಳಿಯುತ್ತೆ. ಚಪಾತಿ ಹಿಟ್ಟು ಅಷ್ಟೇ, ಲಟ್ಟಿಸಿದ ದಿಕ್ಕು ಬೇರೆ.

"ಹಾಗಾದ್ರೆ ಅಗಲದ ಟೈರಲ್ಲಿ ಗ್ರಿಪ್ ಜಾಸ್ತಿ ಬರೋದು ಸುಳ್ಳಾ?" ಅಂತ ಕೇಳ್ತೀರಿ. ಸುಳ್ಳಲ್ಲ. ರಬ್ಬರು ಹೈಸ್ಕೂಲಿನ ಘರ್ಷಣೆಯ ಪಾಠ ಓದಿಲ್ಲ. ಭಾರ ಎರಡು ಪಟ್ಟಾದರೆ ಅದರ ಹಿಡಿತ ಎರಡು ಪಟ್ಟಾಗಲ್ಲ, ಸ್ವಲ್ಪ ಕಡಿಮೆಯೇ ಆಗುತ್ತೆ. ತಿರುವಿನಲ್ಲಿ ಹೊರಗಿನ ಚಕ್ರದ ಮೇಲೆ ಭಾರ ಬಂದು ಕೂತಾಗ ಅಗಲದ ಟೈರು ಅದನ್ನು ಚೆನ್ನಾಗಿ ಹಂಚಿಕೊಳ್ಳುತ್ತೆ, ಬೇಗ ಸುಸ್ತಾಗಲ್ಲ. ಒಣ ರಸ್ತೆ, ಬಿಸಿಯಾದ ಟೈರು, ಸರಿಯಾದ ಸಸ್ಪೆನ್ಷನ್ ಇದ್ದರೆ ಟ್ರ್ಯಾಕಿನಲ್ಲಿ ಸಮಯ ಕಡಿಮೆಯಾಗುತ್ತೆ. ಇದೇ ಆ ಅರ್ಧ ನಿಜ. ಯಾರೂ ಹೇಳದ ಇನ್ನರ್ಧ ಇರೋದು ಸ್ಟೀರಿಂಗಿನಲ್ಲಿ.

ಕಾರು ತಿರುಗುವಾಗ ಟೈರು ತಾನು ಮುಖ ಮಾಡಿದ ದಿಕ್ಕಿಗೇ ಹೋಗಲ್ಲ. ರಬ್ಬರು ಸ್ವಲ್ಪ ತಿರುಚಿಕೊಂಡು, ಮುಖ ಒಂದು ಕಡೆ ನಡಿಗೆ ಇನ್ನೊಂದು ಕಡೆ ಆಗುತ್ತೆ. ಈ ಎರಡರ ನಡುವಿನ ಕೋನಕ್ಕೆ ಸ್ಲಿಪ್ ಆಂಗಲ್ ಅಂತಾರೆ. ಪಟ್ಟಿಯ ಮುಂಭಾಗದಲ್ಲಿ ರಬ್ಬರು ಈಗಷ್ಟೇ ರಸ್ತೆಗೆ ತಾಗಿರುತ್ತೆ, ಅಲ್ಲಿ ತಿರುಚು ಕಡಿಮೆ. ಹಿಂದೆ ಹೋದ ಹಾಗೆ ತಿರುಚು ಜಾಸ್ತಿ. ಹಾಗಾಗಿ ಅಡ್ಡ ಬಲ ಪಟ್ಟಿಯ ನಟ್ಟನಡುವೆ ಬೀಳದೆ ಸ್ವಲ್ಪ ಹಿಂದೆ ಬೀಳುತ್ತೆ. ಈ ಹಿಂದಿನ ದೂರವೇ ನ್ಯೂಮ್ಯಾಟಿಕ್ ಟ್ರೇಲ್. ಸರಳ ಲೆಕ್ಕದಲ್ಲಿ, ಸ್ಲಿಪ್ ಆಂಗಲ್ ಸಣ್ಣದಿದ್ದಾಗ, ಇದು ಪಟ್ಟಿಯ ಉದ್ದದ ಆರನೇ ಒಂದು ಭಾಗ. ಈ ದೂರ ಇರೋದರಿಂದಲೇ ಚಕ್ರ ನೇರಕ್ಕೆ ಬರಲು ಎಳೆಯುತ್ತೆ, ನಿಮ್ಮ ಕೈಗೆ ಸ್ಟೀರಿಂಗಿನ ಭಾರ ಸಿಗುತ್ತೆ.

ಇದರಲ್ಲೊಂದು ಸೊಗಸಿದೆ. ತಿರುವು ಜೋರಾದ ಹಾಗೆ, ಪಟ್ಟಿಯ ಹಿಂಭಾಗ ಮೊದಲು ಜಾರಲು ಶುರುಮಾಡುತ್ತೆ. ಆಗ ಬಲ ಬೀಳುವ ಜಾಗ ಮುಂದಕ್ಕೆ ಸರಿದು, ಟ್ರೇಲ್ ಕಮ್ಮಿಯಾಗಿ, ಸ್ಟೀರಿಂಗು ಹಗುರಾಗುತ್ತೆ. ಟೈರಿನಲ್ಲಿ ಇನ್ನೂ ಒಂದಿಷ್ಟು ಹಿಡಿತ ಬಾಕಿ ಇರುವಾಗಲೇ! ಅಂದರೆ ಟೈರು "ನನ್ನ ಕೈಲಿ ಇನ್ನು ಜಾಸ್ತಿ ಆಗಲ್ಲ ಮಾರಾಯ" ಅಂತ ಜಾರುವ ಮೊದಲೇ ನಿಮ್ಮ ಅಂಗೈಗೆ ಹೇಳಿಬಿಡುತ್ತೆ. ಸ್ಟೀರಿಂಗ್ ಫೀಲ್ ಅಂತ ಕಾರು ಹುಚ್ಚರು ಕಣ್ಣು ಮುಚ್ಚಿಕೊಂಡು ಹೇಳೋದು ಮುಖ್ಯವಾಗಿ ಇದನ್ನೇ. ಅದು ಕವಿತೆಯೂ ಅಲ್ಲ, ಶ್ರೀಮಂತರ ಶೋಕಿಯೂ ಅಲ್ಲ. ಅದೊಂದು ಎಚ್ಚರಿಕೆಯ ಗಂಟೆ.

ಈಗ ನಮ್ಮ ಲೆಕ್ಕಕ್ಕೆ ಬನ್ನಿ. ಪಟ್ಟಿ 8 ಸೆಂಟಿಮೀಟರ್ ಉದ್ದ ಇದ್ದಾಗ ಟ್ರೇಲ್ ಸುಮಾರು 13 ಮಿಲಿಮೀಟರ್. 6 ಸೆಂಟಿಮೀಟರ್ ಆದಾಗ 10. ಅಂದರೆ ಗಂಟೆಯ ಸದ್ದಿನ ಕಾಲು ಭಾಗ ಹೊರಟೇ ಹೋಯಿತು. ಅಗಲದ ಟೈರಿನ ಜೊತೆ ಸಾಮಾನ್ಯವಾಗಿ ಬರುವ ಗಿಡ್ಡ ಗೋಡೆ, ಗಡುಸು ಗೋಡೆ ಸೇರಿಕೊಂಡರೆ, ಹಿಡಿತ ತುತ್ತತುದಿ ಮುಟ್ಟಿ ಇಳಿಯೋದೂ ಥಟ್ಟನೆ. ಹಿಡಿತ ಜಾಸ್ತಿ, ಮುನ್ಸೂಚನೆ ಕಡಿಮೆ. ಮೆಟ್ಟಿಲ ಬದಲು ನೇರ ಬಾವಿ.

"ಇದೆಲ್ಲ ಪುಸ್ತಕದ ಬದನೆಕಾಯಿ, ದೊಡ್ಡ ದೊಡ್ಡ ಕಂಪನಿಯವರು ದಡ್ಡರಾ?" ಅನ್ನೋದು ಮುಂದಿನ ಪ್ರಶ್ನೆ. ದಡ್ಡರಲ್ಲ ಸ್ವಾಮಿ, ಅದಕ್ಕೇ ಅವರು ಏನು ಮಾಡಿದ್ದಾರೆ ನೋಡೋಣ.

1996ರ ಲೋಟಸ್ ಎಲೀಸ್. ತೂಕ ಸುಮಾರು 725 ಕಿಲೋ, ಪವರ್ ಸ್ಟೀರಿಂಗ್ ಇಲ್ಲ. ಮುಂದೆ 185, ಹಿಂದೆ 205 ಅಗಲದ ಟೈರು. 2001ಕ್ಕೆ ಎರಡನೇ ತಲೆಮಾರಿನ ಎಲೀಸ್ ಬಂತು. ಹಿಂದಿನ ಟೈರನ್ನು 225ಕ್ಕೆ ಏರಿಸಿದರು. ಮುಂದಿನದು? 175ಕ್ಕೆ ಇಳಿಸಿದರು! ಹಿಂಬದಿ ಇಂಜಿನ್ನಿನ ಹಗುರ ಕಾರು ತಿರುವಿನಲ್ಲಿ ಗಿರ್ರನೆ ತಿರುಗಿ ನಿಲ್ಲಬಾರದು ಅಂದರೆ ಮುಂದಿನ ಹಿಡಿತ ಹಿಂದಿನದನ್ನು ಮೀರಬಾರದು. ಸ್ಟೀರಿಂಗಿನ ವಿಷಯದಲ್ಲಿ ಜಗತ್ತೇ ಮೆಚ್ಚಿದ ಕಾರು ನಮ್ಮ ಊರಿನ ಹ್ಯಾಚ್‌ಬ್ಯಾಕುಗಳ ಅಳತೆಯ ಟೈರಿನ ಮೇಲೆ ಓಡುತ್ತಿತ್ತು ಅನ್ನೋದನ್ನು ಒಂದು ಗಳಿಗೆ ಯೋಚಿಸಿ.

ಮಜ್ದಾ ಎಂಎಕ್ಸ್-5. 1989ರಲ್ಲಿ ನಾಲ್ಕೂ ಕಡೆ 185. ಮೂರನೇ ತಲೆಮಾರಿನ ಹೊತ್ತಿಗೆ 205ಕ್ಕೆ ಏರಿತ್ತು. 2015ರ ನಾಲ್ಕನೇ ತಲೆಮಾರಿನಲ್ಲಿ ಕಾರಿನ ತೂಕ ಇಳಿಸಿದ ಮಜ್ದಾದವರು, 1.5 ಲೀಟರಿನ ಕಾರಿಗೆ 195ರ ಟೈರು ಹಾಕಿದರು. 2012ರ ಟೊಯೋಟಾ ಜಿಟಿ86 ಇನ್ನೂ ಮಜಾ. ತೆತ್ಸುಯಾ ತಾದಾ ಅನ್ನುವ ಮುಖ್ಯ ಇಂಜಿನಿಯರ್ 200 ಅಶ್ವಶಕ್ತಿಯ ಸ್ಪೋರ್ಟ್ಸ್ ಕಾರಿಗೆ 215ರ ಟೈರು ಕೊಟ್ಟರು. ಅದೂ ಎಂಥದ್ದು? ಪ್ರಿಯಸ್ ಎಂಬ ಮೈಲೇಜ್ ಕಾರಿಗೂ ಬರುತ್ತಿದ್ದ ಮಿಶೆಲಿನ್ ಟೈರು! ಕಾರು ಮಾಮೂಲಿ ವೇಗದಲ್ಲೇ ಮಾತಾಡಬೇಕು, ಮಿತಿ ಎಲ್ಲಿದೆ ಅಂತ ಓಡಿಸುವವನಿಗೆ ಗೊತ್ತಾಗಬೇಕು ಅನ್ನೋದು ಅದರ ಹಿಂದಿನ ಲೆಕ್ಕ. ಕೆಲವರು ನಕ್ಕರು. ಓಡಿಸಿದವರು ನಗಲಿಲ್ಲ.

ಇನ್ನು ಗಾರ್ಡನ್ ಮರ್ರಿ. 1992ರಲ್ಲಿ ಮೆಕ್‌ಲಾರೆನ್ ಎಫ್1 ಮಾಡಿದಾಗ ಮುಂದೆ 235, ಹಿಂದೆ 315. ಇಪ್ಪತ್ತೆಂಟು ವರ್ಷದ ನಂತರ, 2020ರಲ್ಲಿ ತನ್ನದೇ ಕಂಪನಿಯಿಂದ ಟಿ.50 ತೋರಿಸಿದ. ಮುಂದಿನ ಟೈರು? ಅದೇ 235. ಹಿಂದಿನದು 295, ಅಂದರೆ ಇನ್ನೂ ಕಡಿಮೆ. ಇಂಜಿನ್ ಬದಲಾಯಿತು, ಬಾಲಕ್ಕೆ ಫ್ಯಾನ್ ಬಂತು, ಬ್ರೇಕು ಬದಲಾಯಿತು, ಕಂಪ್ಯೂಟರು ಬಂತು. ಮುಂದಿನ ಟೈರಿನ ಅಗಲ ಮಾತ್ರ ಕದಲಲಿಲ್ಲ. ಕಾರು ಒಂದು ಟನ್ನಿನೊಳಗೆ ಇರುವಾಗ ಅದಕ್ಕಿಂತ ಅಗಲ ಯಾಕೆ ಬೇಕು ಹೇಳಿ?

ಪೋರ್ಷೆ 911ರ ಕಥೆ ಎಲ್ಲದಕ್ಕಿಂತ ದೊಡ್ಡ ಪಾಠ. ಇಂಜಿನ್ ಹಿಂದಿನ ಆಕ್ಸಲ್ಲಿನ ಆಚೆ ನೇತಾಡುವ ಕಾರು ಅದು. ಮೊದಮೊದಲು ನಾಲ್ಕೂ ಕಡೆ 165ರ ಟೈರು. ಬಾಲ ಹೊರಗೆ ಜಾರುತ್ತೆ ಅಂತ ಮುಂದಿನ ಬಂಪರಿನೊಳಗೆ ಕಬ್ಬಿಣದ ತುಂಡು ಇಟ್ಟರು. 1969ರ ಮಾಡೆಲ್ಲಿಗೆ ವೀಲ್‌ಬೇಸನ್ನು 57 ಮಿಲಿಮೀಟರ್ ಉದ್ದ ಮಾಡಿದರು. 1973ರ ಕರೇರಾ ಆರ್‌ಎಸ್ ಬಂದಾಗ ಹಿಂದಿನ ಟೈರು 215, ಮುಂದಿನದು 185. ರಸ್ತೆಗೆ ಬಂದ 911ಗಳಲ್ಲಿ ಹಿಂದೆ ಮುಂದೆ ಬೇರೆ ಬೇರೆ ಅಗಲ ಇದ್ದದ್ದು ಅದರಲ್ಲೇ ಮೊದಲು. ಇವತ್ತು ಕರೇರಾ ಮುಂದೆ 235, ಹಿಂದೆ 295. ಕಾರು ದಪ್ಪವಾಗಿದೆ, ಶಕ್ತಿ ಏರಿದೆ, ಟೈರೂ ಏರಿದೆ, ಆದರೆ ಹಿಂದಿನದು ಮುಂದಿನದಕ್ಕಿಂತ ಸದಾ ಒಂದು ಹೆಜ್ಜೆ ಮುಂದೆ. ಮುಂದಿನ ಟೈರಿನ ಅಗಲ ಅನ್ನೋದು ಒಂಟಿ ಸಂಖ್ಯೆ ಅಲ್ಲ, ಅದು ಹಿಂದಿನ ಟೈರಿನ ಜೊತೆ, ತೂಕದ ಜೊತೆ ಮಾಡಿಕೊಂಡ ಒಪ್ಪಂದ. ಒಂದು ಕಡೆಯವರು ಮಾತ್ರ ಒಪ್ಪಂದ ತಿದ್ದಿದರೆ ಏನಾಗುತ್ತೋ ಅದೇ ಇಲ್ಲೂ ಆಗುತ್ತೆ.

ಈಗ ರಾಮಬಾಣ ಬರುತ್ತೆ ನೋಡಿ: "ಫಾರ್ಮುಲಾ ಒನ್ ಕಾರಿನ ಟೈರು ನೋಡಿದೀಯಾ?" ನೋಡಿದೀನಿ. ಆ ಟೈರು ಕೆಲಸ ಮಾಡೋದು ಸುಮಾರು ನೂರು ಡಿಗ್ರಿ ಬಿಸಿಯಲ್ಲಿ, ಅದಕ್ಕೆ ಓಟದ ಮುಂಚೆ ಕಂಬಳಿ ಹೊದಿಸಿ ಕಾಯಿಸುತ್ತಾರೆ. ವೇಗದಲ್ಲಿ ಗಾಳಿಯೇ ಕಾರನ್ನು ಅದರ ತೂಕಕ್ಕಿಂತ ಹೆಚ್ಚಿನ ಬಲದಿಂದ ನೆಲಕ್ಕೆ ಒತ್ತುತ್ತೆ. ನಿಮ್ಮ ಕಾರನ್ನು ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಒತ್ತೋದು ಹಿಂದಿನ ಬಸ್ಸಿನ ಹಾರ್ನು ಮಾತ್ರ :-) ಅದಿರಲಿ, ಫಾರ್ಮುಲಾ ಒನ್ ಕೂಡ "ಅಗಲವೇ ದೇವರು" ಅಂತ ನಂಬಿಲ್ಲ. 2009ರಲ್ಲಿ ಗೆರೆಯಿಲ್ಲದ ನುಣುಪು ಟೈರು ವಾಪಸ್ ಬಂದಾಗ ಮುಂದಿನ ಹಿಡಿತ ಹಿಂದಿನದಕ್ಕೆ ಹೋಲಿಸಿದರೆ ಅತಿಯಾಯಿತು. 2010ರಲ್ಲಿ ಮುಂದಿನ ಟೈರನ್ನು 270ರಿಂದ 245 ಮಿಲಿಮೀಟರಿಗೆ ಇಳಿಸಿದರು. 2017ರಲ್ಲಿ 305ಕ್ಕೆ ಏರಿಸಿದರು, ಜೊತೆಗೆ ಹಿಂದಿನದನ್ನೂ 325ರಿಂದ 405ಕ್ಕೆ. 2026ರ ನಿಯಮದಲ್ಲಿ ಮತ್ತೆ ಇಳಿಕೆ: ಮುಂದೆ 280, ಹಿಂದೆ 375. ವಿಶ್ವ ರ್‍ಯಾಲಿಯಲ್ಲಿ ಡಾಂಬರಿಗೆ ಅಗಲದ ಟೈರು, ಸ್ವೀಡನ್ನಿನ ಹಿಮಕ್ಕೆ ಮೊಳೆ ಹೊಡೆದ ಕಿರಿದಾದ ಟೈರು. ಹಿಮವನ್ನು ಸೀಳಿಕೊಂಡು ಕೆಳಗಿನ ಮಂಜುಗಡ್ಡೆ ಹಿಡಿಯೋಕೆ. ರೇಸಿನವರು ಅಗಲ ಪೂಜಿಸಲ್ಲ, ಅಳೆದು ಸುರಿದು ಹಾಕುತ್ತಾರೆ. ಪೂಜೆ ಮಾಡೋದು ನಾವು.

ಮಳೆಯ ಮಾತಿಗೆ ಬಂದರೆ ನನಗೆ ನಿಜವಾಗಿ ಸಿಟ್ಟು ಬರುತ್ತೆ. ರಸ್ತೆಯ ಮೇಲೆ 3 ಮಿಲಿಮೀಟರ್ ನೀರು, ವೇಗ ಗಂಟೆಗೆ 80 ಕಿಲೋಮೀಟರ್. 15 ಸೆಂಟಿಮೀಟರ್ ಅಗಲದ ಪಟ್ಟಿ ಪ್ರತಿ ಸೆಕೆಂಡಿಗೆ ಸುಮಾರು 10 ಲೀಟರ್ ನೀರನ್ನು ಆಚೆ ತಳ್ಳಬೇಕು. 20 ಸೆಂಟಿಮೀಟರಿನದ್ದು 13 ಲೀಟರಿಗೂ ಮೇಲೆ, ಹೆಚ್ಚುಕಡಿಮೆ ಒಂದು ಕೊಡ ನೀರು! ಅದೂ ಒಂದೊಂದು ಟೈರು, ಒಂದೊಂದು ಸೆಕೆಂಡಿಗೆ. ತಳ್ಳೋಕೆ ಸಿಗುವ ಉದ್ದ ಮಾತ್ರ ಕಡಿಮೆ. ತಳ್ಳಲು ಆಗದಿದ್ದರೆ ಟೈರು ನೀರಿನ ಮೇಲೇ ತೇಲುತ್ತೆ. ನಾಸಾದವರು 1960ರ ದಶಕದಲ್ಲಿ ವಿಮಾನದ ಟೈರುಗಳ ಮೇಲೆ ಇದನ್ನು ಅಭ್ಯಾಸ ಮಾಡಿ, ತೇಲುವ ವೇಗ ಗಾಳಿಯ ಒತ್ತಡದ ವರ್ಗಮೂಲದ ಜೊತೆ ಏರುತ್ತೆ ಅಂತ ತೋರಿಸಿದರು. ಅಂದರೆ "ಸಾಫ್ಟಾಗಿ ಹೋಗ್ಲಿ" ಅಂತ ಅಗಲದ ಟೈರಿನಲ್ಲಿ ಗಾಳಿ ಕಡಿಮೆ ಇಟ್ಟರೆ ಎರಡು ಕಡೆಯಿಂದಲೂ ಏಟು.

ನನ್ನ ಗೆಳೆಯನೊಬ್ಬ ತನ್ನ ಹ್ಯಾಚ್‌ಬ್ಯಾಕಿಗೆ 165ರ ಜಾಗದಲ್ಲಿ 205 ಹಾಕಿಸಿದ. ಅಂಗಡಿಯವನು ಕೇಳಿದ ಒಂದೇ ಪ್ರಶ್ನೆ "ಅಲಾಯ್ ಯಾವ ಕಲರ್ ಸರ್?" ಜುಲೈನಲ್ಲಿ ಧರ್ಮಸ್ಥಳಕ್ಕೆ ಹೊರಟಾಗ, ಚಾರ್ಮಾಡಿಗೆ ಇನ್ನೂ ದೂರ ಇರುವಾಗಲೇ, ನೇರ ರಸ್ತೆಯಲ್ಲಿ ನಿಂತ ನೀರಿನ ಮೇಲೆ ಕಾರು ಒಂದು ಕ್ಷಣ ಯಾರ ಮಾತೂ ಕೇಳಲಿಲ್ಲ. ಪಕ್ಕದ ಸೀಟಿನಲ್ಲಿ ನಾನಿದ್ದೆ. ಎದುರಿಗೆ ಯಾವ ವಾಹನವೂ ಇರಲಿಲ್ಲ, ಬಚಾವಾದೆವು. "ರಸ್ತೆ ಸರಿ ಇಲ್ಲ ಕಣೋ" ಅಂದ. ರಸ್ತೆ ಸರಿ ಇರಲಿಲ್ಲ, ನಿಜ. ಆದರೆ ಅದೇ ರಸ್ತೆಯಲ್ಲಿ ಹಳೇ ಟೈರಿನಲ್ಲಿ ಆತ ನಾಲ್ಕು ಮಳೆಗಾಲ ಓಡಾಡಿದ್ದ.

ಟೈರಿನ ಜೊತೆ ಬರುವ ಅಲಾಯ್ ಚಕ್ರದ್ದು ಇನ್ನೊಂದು ಕರ್ಮ. ಮುಂದಿನ ಚಕ್ರ ತಿರುಗುವ ಅಕ್ಷವನ್ನು ನೆಲದವರೆಗೆ ಎಳೆದರೆ, ಆ ಬಿಂದುವಿಗೂ ಟೈರಿನ ನಡುವಿಗೂ ಇರುವ ದೂರಕ್ಕೆ ಸ್ಕ್ರಬ್ ರೇಡಿಯಸ್ ಅಂತಾರೆ. ಕಾರು ಮಾಡಿದವರು ಇದನ್ನು ಮಿಲಿಮೀಟರ್ ಲೆಕ್ಕದಲ್ಲಿ ಕೂರಿಸಿರುತ್ತಾರೆ. ಎಷ್ಟೋ ಮುಂಚಕ್ರ ಚಾಲನೆಯ ಕಾರುಗಳಲ್ಲಿ ಒಂದು ಕಡೆ ಬ್ರೇಕ್ ಕೈಕೊಟ್ಟರೂ ಕಾರು ನೇರ ನಿಲ್ಲೋದು ಇದರಿಂದಲೇ. ಅಗಲ ಟೈರು ಒಳಗೆ ಉಜ್ಜದಿರಲಿ ಅಂತ ಚಕ್ರವನ್ನು ಎರಡು ಸೆಂಟಿಮೀಟರ್ ಹೊರಗೆ ತಂದರೆ ಆ ಲೆಕ್ಕವೆಲ್ಲ ನೀರುಪಾಲು. ಒಂದೊಂದು ಗುಂಡಿಯೂ ಸ್ಟೀರಿಂಗನ್ನು ಕೈಯಿಂದ ಕಿತ್ತುಕೊಳ್ಳುತ್ತೆ, ಲಾರಿಗಳು ಕೊರೆದ ಗಾಡಿಜಾಡಿನ ಹಿಂದೆ ಕಾರು ತಾನಾಗಿ ಎಳೆದುಕೊಂಡು ಹೋಗುತ್ತೆ. "ಸ್ಟೀರಿಂಗ್ ಈಗ ಸಖತ್ ಹೆವಿ, ಸ್ಪೋರ್ಟ್ಸ್ ಕಾರ್ ಥರ ಇದೆ" ಅಂತ ಜನ ಖುಷಿಪಡುತ್ತಾರೆ. ಭಾರ ಬೇರೆ, ಮಾತು ಬೇರೆ ಸ್ವಾಮಿ. ಮೂಟೆಯೂ ಭಾರವಾಗಿಯೇ ಇರುತ್ತೆ, ಆದರೆ ಅದು ಏನೂ ಹೇಳಲ್ಲ.

ಇಲ್ಲಿ ನನ್ನ ಕಸುಬಿನವರ ಪಾಲೂ ಇದೆ. ಅಗಲದ ಮುಂದಿನ ಟೈರನ್ನು ಕೈಯಲ್ಲೇ ತಿರುಗಿಸೋದು ಕಷ್ಟ, ಹಾಗಾಗಿ ಎಲೆಕ್ಟ್ರಿಕ್ ಮೋಟಾರು ಬೇಕು. ಆ ಮೋಟಾರು ಎಷ್ಟು ತಳ್ಳಬೇಕು ಅಂತ ತೀರ್ಮಾನಿಸೋದು ಸಾಫ್ಟ್‌ವೇರ್. 911ಕ್ಕೇ 2011ರಲ್ಲಿ ಎಲೆಕ್ಟ್ರಿಕ್ ಸ್ಟೀರಿಂಗ್ ಬಂದಾಗ ಹಳೇ ಅಭಿಮಾನಿಗಳು ಎದೆ ಬಡಿದುಕೊಂಡರು. ಆಮೇಲೆ ಸುಧಾರಿಸಿತು, ಒಪ್ಪುತ್ತೇನೆ. ಆದರೆ ಎಷ್ಟೋ ಕಾರುಗಳಲ್ಲಿ "ಸ್ಪೋರ್ಟ್" ಅನ್ನುವ ಗುಂಡಿ ಒತ್ತಿದರೆ ಆಗೋದೇನು? ಮೋಟಾರಿನ ಸಹಾಯ ಕಡಿಮೆಯಾಗಿ ಸ್ಟೀರಿಂಗು ಗಟ್ಟಿಯಾಗುತ್ತೆ. ಟೈರಿನಿಂದ ಹೊಸ ಸುದ್ದಿ ಏನೂ ಬರಲ್ಲ. ಟೈರು ಸಣ್ಣ ದನಿಯಲ್ಲಿ ಹೇಳಿದ್ದನ್ನು ಒಂದು ಹಂತದವರೆಗೆ ಕೋಡಿನಿಂದ ಎತ್ತಿ ಕೇಳಿಸಬಹುದು. ಟೈರು ಹೇಳದೇ ಇದ್ದದ್ದನ್ನು ಕೋಡು ಎಲ್ಲಿಂದ ತರುತ್ತೆ? ಕಸ ಒಳಗೆ ಹಾಕಿದರೆ ಕಸವೇ ಹೊರಗೆ, ಕಂಪ್ಯೂಟರಿನ ಮೊದಲ ಪಾಠ ಅಲ್ಲವೇ ಅದು.

ಹಾಗಂತ ಎಲ್ಲರೂ ಸೈಕಲ್ ಟೈರು ಹಾಕಿಕೊಳ್ಳಿ ಅಂತ ನಾನು ಹೇಳುತ್ತಿಲ್ಲ. ಮುಂದೆ ಭಾರೀ ಇಂಜಿನ್ ಇರುವ, ಒಂದೂವರೆ ಎರಡು ಟನ್ನಿನ ಕಾರಿಗೆ ಮುಂದೆ ಅಗಲದ ಟೈರು ಬೇಕೇ ಬೇಕು, ಇಲ್ಲದಿದ್ದರೆ ತಿರುವಿನಲ್ಲಿ ಮೂಗು ನೇರ ಹೋಗಿ ಗೋಡೆಗೆ ಮುತ್ತಿಡುತ್ತೆ. ವಾರಾಂತ್ಯಕ್ಕೆ ಕೊಯಮತ್ತೂರಿನ ಕರಿ ಟ್ರ್ಯಾಕಿಗೆ ಹೋಗುವವರು, ಸಸ್ಪೆನ್ಷನ್ ಕೋನಗಳನ್ನೂ ಜೊತೆಗೇ ತಿದ್ದಿಸುವವರು, ಖಂಡಿತ ಅಗಲ ಮಾಡಿಸಲಿ. ಅವರಿಗೆ ತಾವೇನು ಕೊಡುತ್ತಿದ್ದೇವೆ, ಏನು ಪಡೆಯುತ್ತಿದ್ದೇವೆ ಗೊತ್ತಿರುತ್ತೆ. ನನ್ನ ಜಗಳ ಕೊಡುವುದು ಏನೂ ಇಲ್ಲ, ಬರೀ ಪಡೆಯುವುದೇ ಅಂತ ಮಾರುವವರ ಜೊತೆ. ಕೊಳ್ಳುವವರು ಕೇಳದಿದ್ದರೆ ಮಾರುವವರು ಹೇಳಲ್ಲ, ಅದಕ್ಕೆ ಕೇಳಿ ಅಂತ ಈ ಪುರಾಣ.

ಟೈರು ಬದಲಾಯಿಸಲು ಹೋದಾಗ ನಾಲ್ಕು ಪ್ರಶ್ನೆ ಕೇಳಿ. ಹಳೇ ಟೈರಿಗೂ ಹೊಸದಕ್ಕೂ ಹೊರಗಿನ ಒಟ್ಟು ವ್ಯಾಸ ಒಂದೇನಾ? ಚಕ್ರದ ಆಫ್‌ಸೆಟ್ ಎಷ್ಟು ಬದಲಾಗುತ್ತೆ? ನನ್ನ ಕಾರಿನ ತೂಕಕ್ಕೆ ಇದರಲ್ಲಿ ಎಷ್ಟು ಗಾಳಿ ಇಡಬೇಕು? ಹಿಂದಿನ ಟೈರನ್ನು ಏನು ಮಾಡುತ್ತೀರಿ? ನಾಲ್ಕಕ್ಕೂ ಉತ್ತರ ಬಂದರೆ ಧೈರ್ಯವಾಗಿ ಹಾಕಿಸಿ. ಉತ್ತರದ ಬದಲು "ಲುಕ್ಕು ಸೂಪರ್ ಬರುತ್ತೆ ಸರ್" ಅಂತ ಬಂದರೆ ಆ ದುಡ್ಡಲ್ಲಿ ಮೊದಲಿನ ಅಳತೆಯದ್ದೇ, ಆದರೆ ಒಂದು ದರ್ಜೆ ಒಳ್ಳೆಯ ಟೈರು ತಗೊಳ್ಳಿ. ಒಳ್ಳೆಯ ರಬ್ಬರಿನ 185 ಎಷ್ಟೋ ಸಲ ಕಳಪೆ ರಬ್ಬರಿನ 205ಕ್ಕಿಂತ ಚೆನ್ನಾಗಿ ಹಿಡಿಯುತ್ತೆ, ಹಿಡಿಯಲು ಆಗದಿದ್ದಾಗ ಮೊದಲೇ ಹೇಳುತ್ತೆ ಕೂಡ.

ಅಗಲ ಟೈರಿನ ಅಭಿಮಾನಿಗಳು ಇಲ್ಲಿ ಇದ್ದೇ ಇರುತ್ತೀರಿ, ಬನ್ನಿ, ಜಗಳ ಆಡೋಣ. ಒಂದೇ ಷರತ್ತು: "ನೋಡೋಕೆ ಚೆನ್ನಾಗಿರುತ್ತೆ" ಅನ್ನೋ ವಾದ ಬಿಟ್ಟು ಬೇರೆ ಏನಾದರೂ ತನ್ನಿ. ಆ ಒಂದು ವಾದದ ಮುಂದೆ ನಾನು ಈಗಲೇ ಸೋತಿದ್ದೀನಿ :-)